ಇಬ್ರು ಹುಡುಗ್ರ ಮದ್ವೆಗೆ ಊಟದ ಆರ್ಡರ್ ಬಂದಿದೆ, ಮಾವ ಬೇಡ ಅಂತಿದಾರೆ. ಕಾನೂನು ಏನನ್ನತ್ತೆ?

ಡೆನ್ವರ್_ಅಡಿಗೆಮನೆ
ಎಲ್ರಿಗೂ ನಮಸ್ಕಾರ. ಡೆನ್ವರ್ ಹತ್ರ ಆರು ವರ್ಷದಿಂದ ಸಣ್ಣದಾಗಿ ಕೇಟರಿಂಗ್ ಮಾಡ್ತಿದೀನಿ, ಪಕ್ಕಾ ವೆಜ್ಜು. ನಾಮಕರಣ, ಗೃಹಪ್ರವೇಶ, ಸೀಮಂತ, ಯುಗಾದಿ ಊಟ, ಹೀಗೆ. ಲೈಸೆನ್ಸ್ ಇದೆ, ಬಾಡಿಗೆ ಕಿಚನ್ ಇದೆ. ಹೋದ ವಾರ ಒಬ್ಬ ಹುಡುಗ ಫೋನ್ ಮಾಡಿದ, ದಾವಣಗೆರೆ ಕಡೆಯವನು, ಸೆಪ್ಟೆಂಬರಲ್ಲಿ ಮದ್ವೆ, 140 ಜನ, ಬಾಳೆಎಲೆ ಊಟವೇ ಆಗ್ಬೇಕು ಅಂದ. ನಾನು ಖುಷಿಯಲ್ಲಿ ಹೆಣ್ಣಿನ ಕಡೆಯವ್ರು ಎಷ್ಟು ಜನ ಬರ್ತಾರಪ್ಪ ಅಂದೆ. ಅವನು ಸ್ವಲ್ಪ ಹೊತ್ತು ಸುಮ್ನಿದ್ದು, ಆಮೇಲೆ ನಕ್ಕು, "ಆಂಟಿ, ಎರಡೂ ಗಂಡಿನ ಕಡೆನೇ" ಅಂದ.

ನನಗೇನೂ ಅನ್ನಿಸ್ಲಿಲ್ಲ, ಸುಳ್ಳು ಯಾಕೆ, ಸ್ವಲ್ಪ ತಬ್ಬಿಬ್ಬಾಯ್ತು ಅಷ್ಟೆ. ಆದ್ರೆ ಊರಿಂದ ಮಾವ ಬಂದಿದಾರೆ. "ಹುಟ್ಟುಹಬ್ಬಕ್ಕೆ ಮಾಡಿಕೊಡು ಬೇಡ ಅನ್ನಲ್ಲ, ಮದ್ವೆ ಅಡಿಗೆ ಅಂದ್ರೆ ಅದೊಂದು ಸಂಸ್ಕಾರದ ಭಾಗ, ನಮ್ಮನೆ ಸೌಟು ಅಲ್ಲಿ ತಿರುಗ್ಬಾರ್ದು" ಅಂತ ಕೂತಿದಾರೆ. ಗಂಡ ಅಂತೂ ಡೇಟ್ ಫುಲ್ ಅಂತ ಸುಳ್ಳು ಹೇಳಿ ಮುಗ್ಸು ಅಂತಾನೆ. ನಮ್ಮ ಕೊಲೊರಾಡೋದಲ್ಲೇ ಕೇಕ್ ಅಂಗಡಿ ಕೇಸ್ ಆಗಿತ್ತಲ್ಲ, ಅಂಗಡಿಯವ್ರು ಸುಪ್ರೀಂ ಕೋರ್ಟಲ್ಲಿ ಗೆದ್ರು ಅಂತ ಕೇಳಿದೀನಿ. ಹಾಗಾದ್ರೆ ಧರ್ಮದ ಕಾರಣ ಕೊಟ್ಟು ಬೇಡ ಅನ್ನಬಹುದಾ? ನಾನು ಮಾಂಸ ಮಾಡಲ್ಲ ಅಂತ ದಿನಾ ಹೇಳ್ತೀನಿ, ಇದೂ ಹಾಗೇನಾ? ಗೊತ್ತಿರೋರು ಹೇಳಿ. ದಯವಿಟ್ಟು ಜಗಳ ಆಡ್ಬೇಡಿ.

ಕೊತ್ತಂಬರಿ_ಕಟ್ಟು
ಜಗಳ ಆಡ್ಬೇಡಿ ಅಂದ್ಮೇಲೆ ನಾವೆಲ್ಲ ಇಲ್ಲಿ ಯಾಕೆ ಬರೋದು ಹೇಳಿ ಹ್ಹಹ್ಹ

ಹುಬ್ಳಿ_ಗಿರ್ಮಿಟ್
140 ಎಲಿ ಆರ್ಡರ್ ಬಿಡ್ತಾರನ್ರೀ ಯಾರರ? ಉಣ್ಣಾಕ ಬರವ್ರನ್ನ ನೀ ಯಾರ್ ಜೋಡಿ ಲಗ್ನ ಆಗಿ ಅಂತ ಕೇಳ್ಕೋತ ಕುಂತ್ರ ಖಾನಾವಳಿ ನಡ್ಯಾಂಗಿಲ್ಲ ಬಿಡ್ರಿ.

ಕಾನೂನ್_ಕಿಟ್ಟಿ
ಮೊದ್ಲು "ಅಂಗಡಿಯವ್ರು ಗೆದ್ರು" ಅನ್ನೋದನ್ನ ಬಿಡಿಸ್ತೀನಿ, ಅದು ಅರ್ಧ ಸತ್ಯ. ಲೇಕ್‌ವುಡ್‌ನ ಮಾಸ್ಟರ್‌ಪೀಸ್ ಕೇಕ್‌ಶಾಪ್, 2012ರ ಜುಲೈ. ಕ್ರೇಗ್ ಮತ್ತೆ ಮಲ್ಲಿನ್ಸ್ ಅಂತ ಇಬ್ರು, ಜತೆಗೆ ಕ್ರೇಗ್ ತಾಯಿ. ಆಗ ಕೊಲೊರಾಡೋದಲ್ಲಿ ಇಂಥ ಮದ್ವೆಗೆ ಮಾನ್ಯತೆಯೇ ಇರ್ಲಿಲ್ಲ, ಮ್ಯಾಸಚೂಸೆಟ್ಸಲ್ಲಿ ಮದ್ವೆ ಆಗಿ ಬಂದು ಇಲ್ಲಿ ಪಾರ್ಟಿ ಇಟ್ಕೊಳ್ಳೋ ಪ್ಲ್ಯಾನು. ಓನರ್ ಜ್ಯಾಕ್ ಫಿಲಿಪ್ಸ್, ನಿಮಗೆ ಬರ್ತ್‌ಡೇ ಕೇಕ್ ಕುಕೀಸ್ ಬೇಕಾದ್ರೆ ಕೊಡ್ತೀನಿ ಮದ್ವೆ ಕೇಕ್ ಆಗಲ್ಲ ಅಂದ್ರು. ಕೇಕ್ ಹೇಗಿರ್ಬೇಕು ಏನ್ ಬರೀಬೇಕು ಅನ್ನೋ ಮಾತೇ ಬಂದಿರ್ಲಿಲ್ಲ, ಅಷ್ಟ್ರಲ್ಲೇ ಇವ್ರು ಎದ್ದು ಹೋದ್ರು. (ನಿಮ್ಮ ಮಾವ ಹೇಳಿದ್ದು ಅಕ್ಷರಶಃ ಫಿಲಿಪ್ಸ್ ಹೇಳಿದ ಮಾತೇ, ಗಮನಿಸಿದ್ರಾ.)

2018ರ ಜೂನ್ 4ಕ್ಕೆ ತೀರ್ಪು ಬಂತು, 7–2, ಫಿಲಿಪ್ಸ್ ಪರ, ನಿಜ. ಆದ್ರೆ ಯಾಕೆ? ಫಿಲಿಪ್ಸ್ ಮಾಡಿದ್ದು ತಾರತಮ್ಯ ಅಂತ ಮೊದ್ಲು ಹೇಳಿದ್ದ ರಾಜ್ಯದ ಸಿವಿಲ್ ರೈಟ್ಸ್ ಕಮಿಷನ್ ಅವರ ಧರ್ಮದ ಬಗ್ಗೆ ಹಗೆತನ ತೋರಿಸ್ತು ಅಂತ. ಒಬ್ಬ ಕಮಿಷನರ್ ಬಹಿರಂಗ ಸಭೆಯಲ್ಲೇ, ಗುಲಾಮಗಿರಿಗೂ ಹಿಟ್ಲರನ ಕಾಲದ ಹತ್ಯಾಕಾಂಡಕ್ಕೂ ಧರ್ಮದ ನೆಪ ಕೊಟ್ಟಿದ್ರು ಅಂತೆಲ್ಲ ಅಂದ್ಬಿಟ್ರು. ತೀರ್ಪು ಬರೆದ ಜಸ್ಟಿಸ್ ಕೆನಡಿ ಅದನ್ನೇ ಹಿಡ್ಕೊಂಡ್ರು. ಅದೇ ತೀರ್ಪಲ್ಲಿ ಅವ್ರು ಇನ್ನೊಂದೂ ಬರೆದಿದಾರೆ, ವ್ಯಾಪಾರ ಮಾಡೋರಿಗೆ ಧಾರ್ಮಿಕ ಆಕ್ಷೇಪ ಇದೆ ಅಂತ ಎಲ್ರಿಗೂ ಒಂದೇ ತರ ಅನ್ವಯಿಸೋ ಕಾನೂನಿಂದ ತಪ್ಪಿಸ್ಕೊಳ್ಳೋಕೆ ಸಾಮಾನ್ಯವಾಗಿ ಆಗಲ್ಲ ಅಂತ. ಅಂದ್ರೆ ಮ್ಯಾಚ್ ಗೆದ್ದಿದ್ದು ಅಂಪೈರ್ ತಪ್ಪಿಂದ, ರೂಲ್ ಬುಕ್ ಬದಲಾಗ್ಲಿಲ್ಲ.

ನಿಮ್ಮ ರಾಜ್ಯದ ಕಾನೂನಲ್ಲಿ 2008ರಿಂದ್ಲೂ ಯಾವ್ಯಾವ ಕಾರಣಕ್ಕೆ ತಾರತಮ್ಯ ಮಾಡ್ಬಾರ್ದು ಅನ್ನೋ ಪಟ್ಟಿಯಲ್ಲಿ ಲೈಂಗಿಕ ಒಲವೂ ಇದೆ. ಸಾರ್ವಜನಿಕರಿಗೆ ಅಂತ ಅಂಗಡಿ ತೆರೆದ್ಮೇಲೆ ಆ ಕಾರಣಕ್ಕೆ ಗಿರಾಕಿಯನ್ನ ವಾಪಸ್ ಕಳಿಸೋ ಹಾಗಿಲ್ಲ. ಮಾಂಸದ ವಿಷ್ಯ ಬೇರೆ. ನೀವು ಯಾರಿಗೂ ಮಾಂಸ ಮಾಡಲ್ಲ. ಮೆನು ನಿಮ್ಮದು, ಪಂಕ್ತಿಯಲ್ಲಿ ಯಾರು ಕೂರ್ಬೇಕು ಅನ್ನೋದು ನಿಮ್ಮದಲ್ಲ.

ಹಳೇ_ರೇಡಿಯೋ
ಕಿಟ್ಟಿಯವರೇ, ತಮಗೆ ಅನುಕೂಲ ಆಗೋ ಕಡೆ ನಿಲ್ಸಿದ್ರಿ. 2023ರ ಜೂನ್ 30ರ ತೀರ್ಪು ಎಲ್ಲಿ ಹೋಯ್ತು? ಅದೂ ಕೊಲೊರಾಡೋದ್ದೇ. 303 ಕ್ರಿಯೇಟಿವ್, ಲೋರಿ ಸ್ಮಿತ್ ಅನ್ನೋ ವೆಬ್‌ಸೈಟ್ ಡಿಸೈನರ್ ಕಂಪನಿ, ಇಂಥ ಮದ್ವೆಗೆ ವೆಬ್‌ಸೈಟ್ ಮಾಡಲ್ಲ ಅಂತ ಕೇಸ್ ಹಾಕಿದ್ದು. 6–3ರಲ್ಲಿ ಗೆದ್ದಿದಾರೆ, ಈ ಸಲ ಅಂಪೈರ್ ತಪ್ಪಲ್ಲ, ಪೂರ್ತಿ ಕಾನೂನಿನ ಪ್ರಶ್ನೆ ಮೇಲೇ ಗೆದ್ದಿದ್ದು. ತನಗೆ ನಂಬಿಕೆ ಇಲ್ಲದ್ದನ್ನ ಸರ್ಕಾರ ಒಬ್ರ ಕೈಯಲ್ಲಿ ಬಲವಂತವಾಗಿ ಬರೆಸೋ ಹಾಗಿಲ್ಲ ಅಂತ.

ಇನ್ನೊಂದು ಮಾತು. ಫಿಲಿಪ್ಸ್ ಹ್ಯಾಲೋವೀನ್ ಕೇಕೂ ಮಾಡ್ತಿರ್ಲಿಲ್ಲ. ಅದು ನೇಮ ಇಟ್ಕೊಂಡ ಮನುಷ್ಯ, ದ್ವೇಷ ಅಲ್ಲ. ನಮ್ಮಲ್ಲಿ ಏಕಾದಶಿ ದಿನ ಅನ್ನ ಬೇಯಿಸದ ಮನೆಗಳಿವೆ, ಅವ್ರನ್ನ ಹಿಡಿದು ಬೇಯ್ಸು ಅಂತೀರಾ? ನೇಮಕ್ಕೆ ಬೆಲೆ ಕೊಡೋದನ್ನ ನಾವೇ ಮರೆತ್ರೆ ಹೇಗೆ.

ಕೊತ್ತಂಬರಿ_ಕಟ್ಟು
ಏಕಾದಶಿಗೆ ಅನ್ನ ಮಾಡದೋರು ಪಕ್ಕದ್ಮನೆಯವ್ರ ಅನ್ನದ ತಪ್ಪಲೆ ಮುಚ್ಚಲ್ಲ ಅಲ್ವಾ ಸಾರ್

ಕಾನೂನ್_ಕಿಟ್ಟಿ
@ಹಳೇ_ರೇಡಿಯೋ ಮರೆತಿಲ್ಲ ಸ್ವಾಮಿ, ಬೆರಳು ನೋಯ್ತಿತ್ತು ಅಂತ ನಿಲ್ಸಿದ್ದೆ. 303 ಗೆದ್ದಿದ್ದು ವಾಕ್ ಸ್ವಾತಂತ್ರ್ಯದ ಮೇಲೆ, ಧರ್ಮದ ಮೇಲಲ್ಲ. ಜಸ್ಟಿಸ್ ಗೋರ್ಸಚ್ ಬರೆದ್ರು, ಮದ್ವೆ ವೆಬ್‌ಸೈಟ್ ಅಂದ್ರೆ ಆಕೆಯ ಮಾತು ಇದ್ದ ಹಾಗೆ ಅಂತ. ಬೇರೆ ಕೆಲಸ ಆದ್ರೆ ಗೇ ಗಿರಾಕಿಗೂ ಮಾಡಿಕೊಡ್ತೀನಿ ಅಂತ ಆಕೆ ಕೇಸಲ್ಲೇ ಒಪ್ಕೊಂಡಿದ್ರು. ಕೇಸ್ ಹಾಕ್ದಾಗ ಒಂದೂ ಮದ್ವೆ ವೆಬ್‌ಸೈಟ್ ಮಾಡಿರ್ಲಿಲ್ಲ ಅನ್ನೋದು ಬೇರೆ ಕಥೆ.

ಈಗ ಪ್ರಶ್ನೆ ಇಷ್ಟೇ, ಬಿಸಿಬೇಳೆಬಾತ್ ಮಾತಾಡತ್ತಾ?

ಹುಬ್ಳಿ_ಗಿರ್ಮಿಟ್
ನಮ್ಮಕ್ಕ ಮಾಡಿದ್ದು ರಾತ್ರಿ ಎಲ್ಲಾ ಹೊಟ್ಟ್ಯಾಗ ಮಾತಾಡ್ತೈತಿ

ಬೆಲ್ಫಾಸ್ಟ್_ಭಟ್
ನಾನು ಇರೋ ಊರಲ್ಲೇ ಇದರ ತಮ್ಮನಂಥ ಕೇಸ್ ಆಗಿದ್ದು, ಅದಕ್ಕೆ ಬರೀತಿದೀನಿ. 2014, ಆ್ಯಷರ್ಸ್ ಬೇಕರಿ. ಗಿರಾಕಿ ಕೇಳಿದ್ದು ಮದ್ವೆ ಕೇಕ್ ಅಲ್ಲ, ಬರ್ಟ್ ಮತ್ತೆ ಅರ್ನಿ ಬೊಂಬೆಗಳ ಚಿತ್ರ ಹಾಕಿ "ಸಪೋರ್ಟ್ ಗೇ ಮ್ಯಾರೇಜ್" ಅಂತ ಬರೆದ ಕೇಕು, 36 ಪೌಂಡ್ 50 ಪೆನ್ಸ್. ಮೊದ್ಲು ದುಡ್ಡು ತಗೊಂಡು ಆಮೇಲೆ ಬೇಡ ಅಂತ ವಾಪಸ್ ಕೊಟ್ರು. ಕೆಳಗಿನ ಕೋರ್ಟಲ್ಲಿ ಬೇಕರಿ ಸೋತು ಗಿರಾಕಿಗೆ 500 ಪೌಂಡ್ ಪರಿಹಾರ ಕೊಡಿ ಅಂತ ಆಯ್ತು. 2018ರ ಅಕ್ಟೋಬರಲ್ಲಿ ಲಂಡನ್ನಿನ ಸುಪ್ರೀಂ ಕೋರ್ಟಲ್ಲಿ ಐದೂ ಜಡ್ಜುಗಳು ಒಮ್ಮತದಿಂದ ಬೇಕರಿ ಪರ ಹೇಳಿದ್ರು. ಅವರ ಆಕ್ಷೇಪ ಬರಹದ ಮೇಲೆ, ಬರೆಸೋಕೆ ಬಂದವನ ಮೇಲಲ್ಲ, ಅದೇ ಬರಹ ಗಂಡು ಹೆಣ್ಣಿನ ಜೋಡಿ ಬಂದು ಕೇಳಿದ್ರೂ ಇಲ್ಲ ಅಂತಿದ್ರು, ಅಂತ.

ಮಜಾ ಏನು ಅಂದ್ರೆ ಆ ತೀರ್ಪು ಬರೆದ ಲೇಡಿ ಹೇಲ್ ಅವರೇ 2013ರಲ್ಲಿ ಕಾರ್ನ್‌ವಾಲ್ ಕಡೆ ಒಂದು ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಕೇಸಲ್ಲಿ ಉಲ್ಟಾ ಬರೆದಿದ್ರು. ಅಲ್ಲಿ ಕ್ರಿಶ್ಚಿಯನ್ ದಂಪತಿ ನಡೆಸೋ ಹೋಟೆಲಲ್ಲಿ ಇಬ್ರು ಗಂಡಸ್ರಿಗೆ ಡಬಲ್ ರೂಮ್ ಕೊಡಲ್ಲ ಅಂದಿದ್ರು, ಅವ್ರು ಕಾನೂನುಬದ್ಧ ಸಿವಿಲ್ ಪಾರ್ಟ್ನರ್ಸ್ (ಮದ್ವೆ ತರಾನೇ ನೋಂದಣಿ ಆದ ಜೋಡಿ) ಆಗಿದ್ರೂ. ಹೋಟೆಲಿನವ್ರು ಸೋತ್ರು. ಮಂಚ ಏನೂ ಹೇಳಲ್ಲ, ಕೇಕ್ ಮೇಲಿನ ಅಕ್ಷರ ಹೇಳತ್ತೆ. ನನಗಂತೂ ಎರಡೂ ಸರಿ ಅನ್ಸತ್ತೆ, ನನ್ನ ಹೆಂಡ್ತಿಗೆ ಎರಡನೇದು ಮಾತ್ರ ಸರಿ.

ಕುಡ್ಲದ_ಮಳೆ
ಅಲ್ಲ ಮಾರ್ರೆ, ಅದು ಹೇಳುವಷ್ಟು ಸುಲಭ ಉಂಟಾ? ಬಿಳಿ ಕೇಕು, ಒಂದು ಅಕ್ಷರ ಇಲ್ಲ, ಮೂರು ಮಾಳಿಗೆ. ಅದು ಮಾತಾಡ್ತದಾ ಇಲ್ವಾ? ಫಿಲಿಪ್ಸ್‌ನ ಕೇಸಲ್ಲಿ ಆ ಪ್ರಶ್ನೆಗೆ ಕೋರ್ಟು ಉತ್ತರವೇ ಕೊಡ್ಲಿಲ್ಲ. ನಾನು ಅಂಗಡಿ ಇಟ್ಟವ, ಹೂವಿನ ಡೆಕೊರೇಷನ್. ಮಂಟಪ ಕಟ್ಟುವಾಗ ನಿಂತು ನೋಡಿ ಒಂದು ಮಲ್ಲಿಗೆ ಸರ ಅತ್ಲಾಗಿ ಸರಿಸ್ತೇನೆ, ಅದಕ್ಕೆ ಮನಸ್ಸು ಬೇಕು. ಕೂಲಿಗೆ ಕಟ್ಟುದು ಬೇರೆ ಮನಸಿಟ್ಟು ಕಟ್ಟುದು ಬೇರೆ. ಆದ್ರೆ ಮನಸ್ಸಿಲ್ಲ ಅಂತ ಒಂದು ಜಾತಿಯವ್ರಿಗೆ ಕಟ್ಟದಿದ್ರೆ ಊರಲ್ಲಿ ನನ್ನ ಹೆಸರು ಎಂತ ಆಗ್ತದೆ ಅಂತಲೂ ಗೊತ್ತುಂಟು.

ಸಂಜೆ_ಮಲ್ಲಿಗೆ
ಹೂವಿನ ಮಾತು ಬಂತಲ್ಲ, ನಂದೊಂದು ಹೇಳ್ತೀನಿ. ನಾನು ಗೇ, ನಾಲ್ಕು ವರ್ಷದ ಹಿಂದೆ ಇಲ್ಲಿ ಮದ್ವೆ ಆದೆ. ಯಾವ ರಾಜ್ಯ ಅಂತ ಬೇಡ. ಹಾರ ಆರ್ಡರ್ ಮಾಡೋಕೆ ಒಂದು ಹೂವಿನಂಗಡಿಗೆ ಹೋಗಿದ್ದೆ, ಅಮ್ಮ ಮೈಸೂರಿಂದ ವಿಡಿಯೋ ಕಾಲಲ್ಲಿದ್ರು, ಗುಲಾಬಿ ಬೇಡ ಬೇಗ ಉದುರತ್ತೆ ಸೇವಂತಿಗೆ ಕೇಳು ಅಂತ ಸೂಚನೆ ಕೊಡ್ತಾ. ಅಂಗಡಿಯಾಕೆ ಬಹಳ ಚೆನ್ನಾಗಿ ಮಾತಾಡ್ತಿದ್ರು, ಬುಕ್ಕಲ್ಲಿ ಬರ್ಕೋತಿದ್ರು. ಹುಡುಗಿ ಹೆಸ್ರು ಏನು ಅಂದ್ರು. ಹೇಳಿದೆ. ಆಕೆ ಪೆನ್ನಿಗೆ ಕ್ಯಾಪ್ ಹಾಕಿದ್ರು. ಬೈಲಿಲ್ಲ, ಮುಖನೂ ಗಂಟು ಹಾಕ್ಲಿಲ್ಲ, ಸಾರಿ ಅಂದ್ರು ಅಷ್ಟೆ. ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, "ಏನಂತೋ, ರೇಟ್ ಜಾಸ್ತಿನಾ?" ಅಂತ ಕೇಳ್ತಿದಾರೆ. ಹೂಂ ಅಮ್ಮ, ರೇಟ್ ಜಾಸ್ತಿ ಅಂದೆ.

ನನ್ನ ಬಗ್ಗೆ ಅಮ್ಮ ಒಪ್ಕೊಳ್ಳೋಕೆ ಏಳು ವರ್ಷ ಹಿಡಿದಿತ್ತು. ಅವ್ರು ಒಪ್ಕೊಂಡ ಮೇಲೆ ಆ ಅಂಗಡಿಯಾಕೆ ಇಲ್ಲ ಅಂದ್ಲು ಅಂತ ಹೇಳೋಕೆ ನಾಚ್ಕೆ ಆಯ್ತು, ನಾಚ್ಕೆ ನಂಗ್ಯಾಕೆ ಆಗ್ಬೇಕಿತ್ತೋ ಗೊತ್ತಿಲ್ಲ. ಇನ್ನೊಂದ್ ಅಂಗಡಿಗೆ ಹೋದ್ರಾಯ್ತು ಅಂತೀರಲ್ಲ, ಹೋದೆ, ಸಿಕ್ತು. ಆದ್ರೆ ಒಳಗೆ ಹೋಗೋ ಮುಂಚೆ ಕಾರಲ್ಲಿ ಹತ್ತು ನಿಮಿಷ ಕೂತಿದ್ದೆ.

ಹಳೇ_ರೇಡಿಯೋ
@ಸಂಜೆ_ಮಲ್ಲಿಗೆ ಆಗಿದ್ದಕ್ಕೆ ನನಗೂ ಬೇಜಾರಿದೆ, ಮನಸಾರೆ ಹೇಳ್ತಿದೀನಿ. ಆದ್ರೆ ವಾಷಿಂಗ್ಟನ್ ರಾಜ್ಯದ ಆರ್ಲೀನ್ಸ್ ಫ್ಲವರ್ಸ್ ಅನ್ನೋ ಹೂವಿನಂಗಡಿ ಅಜ್ಜಿಯದ್ದೂ ಹೇಳಿ. ಒಬ್ಬ ಗಿರಾಕಿಗೆ ಸುಮಾರು ಒಂಬತ್ತು ವರ್ಷ ಹೂ ಕೊಟ್ಟಿದ್ರು, ಗೇ ಅಂತ ಗೊತ್ತಿದ್ದೇ ಕೊಟ್ಟಿದ್ರು, ಮದ್ವೆಗೆ ಮಾತ್ರ ಆಗಲ್ಲಪ್ಪ ಅಂದ್ರು. 2013ರಿಂದ 2021ರ ತನಕ ಕೋರ್ಟು. ಕೊನೆಗೆ 5000 ಡಾಲರ್ ಕೊಟ್ಟು ರಾಜಿ. ಒರೆಗಾನ್‌ನಲ್ಲಿ ಒಂದು ಕೇಕ್ ಅಂಗಡಿ ಗಂಡ ಹೆಂಡ್ತಿಗೆ 1,35,000 ಡಾಲರ್ ಕಟ್ಟಿ ಅಂತ ಆದೇಶ ಆಗಿತ್ತು. ನೋವು ಆ ಕಡೆಯವ್ರಿಗೂ ಆಗತ್ತೆ.

ಮತ್ತೆ, ನ್ಯಾಯ ಎರಡೂ ಕಡೆ ಒಂದೇ ಇರ್ಬೇಕಲ್ಲ. ಅದೇ ಕೊಲೊರಾಡೋದಲ್ಲಿ ಒಬ್ಬ ಹೋಗಿ ಮೂರು ಬೇಕರಿಯಲ್ಲಿ ಸಲಿಂಗಕಾಮದ ವಿರುದ್ಧ ಬೈಬಲ್ ಮಾತು ಬರೆದ ಕೇಕ್ ಕೇಳಿದ. ಮೂವರೂ ಆಗಲ್ಲ ಅಂದ್ರು. ಅವ್ರು ಮಾಡಿದ್ದು ಸರಿ ಅಂತು ಸರ್ಕಾರ. ಅವರ ಮನಸ್ಸಾಕ್ಷಿ ಮನಸ್ಸಾಕ್ಷಿ, ಫಿಲಿಪ್ಸ್‌ದು ತಾರತಮ್ಯ?

ಕಾನೂನ್_ಕಿಟ್ಟಿ
ಒಳ್ಳೇ ಪ್ರಶ್ನೆ, ಆ ಮೂರು ಬೇಕರಿ ವಿಷ್ಯ ಕೆನಡಿಯವ್ರನ್ನೂ ಕಾಡಿತ್ತು. ಇದಕ್ಕೆ ಜಸ್ಟಿಸ್ ಕೇಗನ್ ಪ್ರತ್ಯೇಕವಾಗಿ ಬರೆದ್ರು, ಆ ಮೂವರು ಅಂಥ ಕೇಕ್ ಯಾರಿಗೂ ಮಾಡ್ತಿರ್ಲಿಲ್ಲ, ಫಿಲಿಪ್ಸ್ ಮದ್ವೆ ಕೇಕ್ ಮಿಕ್ಕವ್ರಿಗೆಲ್ಲ ಮಾಡ್ತಿದ್ರು ಅಂತ. ನಾನು ಮೆನು ಪಂಕ್ತಿ ಅಂದಿದ್ದು ಅದೇ. ಆದ್ರೆ "ಮದ್ವೆ ಕೇಕ್" ಒಂದು ಐಟಮ್ಮಾ ಅಥವಾ "ಇಬ್ರು ಗಂಡಸ್ರ ಮದ್ವೆ ಕೇಕ್" ಬೇರೆ ಐಟಮ್ಮಾ, ಅಲ್ಲೇ ಇಡೀ ಜಗಳ ಇರೋದು. ಗೋರ್ಸಚ್ ಅದನ್ನೇ ಹಿಡಿದು ಉಲ್ಟಾ ವಾದ ಮಾಡಿದ್ರು. ನನಗೆ ಹೋಳಿಗೆ ಹೋಳಿಗೆನೇ.

ಕೆಂಪ್_ಮಣ್ಣು
ಇಷ್ಟೊತ್ತು ಓದ್ತಾ ಇದ್ದೆ. ನೇಮ ನೇಮ ಅಂತ ಬಹಳ ಕೇಳ್ದೆ, ಅದಕ್ಕೆ.

ನಮ್ಮೂರಲ್ಲಿ ಕ್ಷೌರದಂಗಡಿ ಇತ್ತು, ನಮ್ಮ ಕೇರಿಯವ್ರಿಗೆ ಮಾಡ್ತಿರ್ಲಿಲ್ಲ. ಮಾಡಿದ್ರೆ ಮಿಕ್ಕವ್ರು ಬರಲ್ಲ ಅಂತ. ನಮ್ಮಪ್ಪ ಭಾನುವಾರ ನನ್ನನ್ನೂ ತಮ್ಮನ್ನೂ ಸೈಕಲ್ ಮೇಲೆ ತಾಲೂಕಿಗೆ ಕರ್ಕೊಂಡು ಹೋಗಿ ಕಟಿಂಗ್ ಮಾಡಿಸ್ತಿದ್ರು, ಹೋಗ್ತಾ ನಮ್ಮೂರ ಅಂಗಡಿ ಮುಂದೆನೇ ಹೋಗ್ಬೇಕು. ಅಂಗಡಿಯವನು ಕೆಟ್ಟವನಲ್ಲ, ನಮ್ಮಪ್ಪನ ಜತೆ ಬೀಡಿ ಹಂಚ್ಕೊಂಡು ಸೇದ್ತಿದ್ದ. ಕೇಳಿದ್ರೆ "ಪದ್ಧತಿ ಕಣಪ್ಪ, ದೇವ್ರಿಗೆ ಆಗಲ್ಲ" ಅಂತಿದ್ದ. ಟೀ ಅಂಗಡಿಯಲ್ಲಿ ಲೋಟ ಬೇರೆ, ಅದೂ ಪದ್ಧತಿನೇ.

ಜಾತಿ ಧರ್ಮ ನೋಡಿ ಯಾರನ್ನೂ ಅಂಗಡಿಯಿಂದ ತಡೀಬಾರ್ದು ಅನ್ನೋ ನಮ್ಮ ಸಂವಿಧಾನದ 15(2)ರಲ್ಲಿ ಅಂಗಡಿ ಅನ್ನೋ ಪದ ಇದೆಯಲ್ಲ, ಕ್ಷೌರದಂಗಡಿ ಬಟ್ಟೆ ಒಗೆಯೋ ಅಂಗಡಿ ಎಲ್ಲ ಇದರಲ್ಲಿ ಬರತ್ತಾ ಅಂತ 1948ರಲ್ಲಿ ಸಂವಿಧಾನ ಸಭೆಯಲ್ಲಿ ಕೇಳಿದ್ರು. ಅಂಬೇಡ್ಕರ್ ಹೇಳಿದ್ರು, ಆ ಪದವನ್ನ ವಿಶಾಲ ಅರ್ಥದಲ್ಲೇ ಬಳಸಿರೋದು, ದುಡ್ಡು ತಗೊಂಡು ಸೇವೆ ಕೊಡೋಕೆ ಕೂತವ್ರೆಲ್ಲ ಬರ್ತಾರೆ ಅಂತ. ಅವ್ರಿಗೆ ಯಾಕೆ ಅಷ್ಟು ಬೇಗ ಅರ್ಥ ಆಯ್ತು ಅಂತ ಬಿಡಿಸಿ ಹೇಳ್ಬೇಕಾಗಿಲ್ಲ.

ಹಳೇ_ರೇಡಿಯೋ
ಅಸ್ಪೃಶ್ಯತೆ ಮಹಾಪಾಪ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡ್ಬೇಡಿ. ಅಲ್ಲಿ ಇಡೀ ಊರೇ ಸೇರಿ ಒಂದು ಜನವನ್ನ ಹೊರಗಿಟ್ಟಿತ್ತು, ಇರೋದೇ ಒಂದು ಅಂಗಡಿ. ಇಲ್ಲಿ ಒಬ್ಬಾಕೆ ಬೇಡ ಅಂದ್ರೆ ಡೆನ್ವರಲ್ಲಿ ಇನ್ನು ನೂರು ಕೇಟರರ್ ಇದಾರೆ.

ಕೊತ್ತಂಬರಿ_ಕಟ್ಟು
ಎಲೆ ತುದಿಗೆ ಉಪ್ಪು ಬಡ್ಸಿ ಕೋಸಂಬರಿ ಎರಡು ತರ ಹಾಕೋ ಕೇಟರರ್ ನೂರಿದಾರಾ ಸಾರ್? ನಂಬರ್ ಕೊಡಿ, ನಮ್ಮನೆ ಉಪನಯನಕ್ಕೆ ಬೇಕು.

ಕೆಂಪ್_ಮಣ್ಣು
ಹೋಲಿಕೆ ನಾನು ಶುರು ಮಾಡಿದ್ದಲ್ಲ. ಅಮೆರಿಕದಲ್ಲೇ ಆಗಿದೆ. ದಕ್ಷಿಣ ಕ್ಯಾರೊಲಿನಾದಲ್ಲಿ ಪಿಗ್ಗಿ ಪಾರ್ಕ್ ಅಂತ ಬಾರ್ಬೆಕ್ಯೂ ಹೋಟೆಲ್. ಹೋಟೆಲುಗಳಲ್ಲಿ ಜನಾಂಗಭೇದ ಮಾಡ್ಬಾರ್ದು ಅನ್ನೋ 1964ರ ಕಾನೂನು ಬಂದ್ಮೇಲೆ ಓನರ್, ಕರಿಯರನ್ನ ಬಿಳಿಯರ ಜತೆ ಕೂರ್ಸೋದು ದೇವರ ಇಚ್ಛೆಗೆ ವಿರುದ್ಧ ಅಂತ ವಾದ ಮಾಡಿದ. 1968ರಲ್ಲಿ ಸುಪ್ರೀಂ ಕೋರ್ಟು ಆ ವಾದ ಲೆಕ್ಕಕ್ಕೇ ಇಲ್ಲ ಅಂತ ತಳ್ಳಿಹಾಕ್ತು. ಅವನೂ ನೇಮ ಅಂತಲೇ ಹೇಳಿದ್ದು.

ಡಲ್ಲಾಸ್_ಡಬ್ಬಿ
ಒಂದು ತಿದ್ದುಪಡಿ. ಆ 1964ರ ಕೇಂದ್ರದ ಕಾನೂನಲ್ಲಿ ಹೋಟೆಲು ಥಿಯೇಟರ್ ಭಾಗಕ್ಕೆ ಜನಾಂಗ, ಬಣ್ಣ, ಧರ್ಮ, ಮೂಲ ದೇಶ ಅಷ್ಟೇ ಇರೋದು. ಲೈಂಗಿಕ ಒಲವು ಬಿಡಿ, ಅಲ್ಲಿ ಗಂಡು ಹೆಣ್ಣು ಅಂತಲೂ ಇಲ್ಲ. ಅದಕ್ಕೇ ರಾಜ್ಯ ರಾಜ್ಯಕ್ಕೂ ಬೇರೆ. ನಮ್ಮ ಟೆಕ್ಸಸ್ಸಲ್ಲಿ ರಾಜ್ಯದ ಕಾನೂನೇ ಇಲ್ಲ, ಡಲ್ಲಾಸ್ ಆಸ್ಟಿನ್ ತರ ಊರುಗಳು ತಮ್ಮದೇ ಆರ್ಡಿನೆನ್ಸ್ (ಊರಿನ ಮಟ್ಟದ ಕಾನೂನು) ಮಾಡ್ಕೊಂಡಿವೆ. ಹ್ಯೂಸ್ಟನ್ ಮಾಡಿತ್ತು, 2015ರಲ್ಲಿ ಜನ ಓಟ್ ಹಾಕಿ ತೆಗೆದ್ರು. ಅಂದ್ರೆ ಇದೇ ಅಕ್ಕ ಬೇರೆ ಊರಲ್ಲಿ ಇದ್ದಿದ್ರೆ ಉತ್ತರ ಬೇರೆ.

ತುಂಗೆಯ_ದಂಡೆ
ಡೇಟ್ ಫುಲ್ ಅಂತ ಸುಳ್ಳು ಹೇಳೋ ಐಡಿಯಾ ಕೊಟ್ಟ ಯಜಮಾನ್ರಿಗೆ ಒಂದು ಮಾತು. ಬೆಂಗಳೂರಲ್ಲಿ ಮನೆ ಹುಡುಕಿದೋರಿಗೆಲ್ಲ ಗೊತ್ತು. ಫೋನಲ್ಲಿ ಖಾಲಿ ಇದೆ ಬನ್ನಿ ಅಂತಾರೆ, ಹೋಗಿ ಹೆಸ್ರು ಹೇಳಿದ ತಕ್ಷಣ "ಅಯ್ಯೋ ಈಗ್ ತಾನೇ ಒಬ್ರು ಅಡ್ವಾನ್ಸ್ ಕೊಟ್ರು". ಟು ಲೆಟ್ ಬೋರ್ಡ್ ಮಾತ್ರ ಮೂರು ತಿಂಗಳು ನೇತಾಡ್ತಿರತ್ತೆ. ಆ ಹುಡುಗ ಬೇರೆ ಫ್ರೆಂಡ್ ಕೈಲಿ ಅದೇ ಡೇಟಿಗೆ ಫೋನ್ ಮಾಡಿಸಿದ್ರೆ? ಕೋರ್ಟಲ್ಲಿ ಧರ್ಮ ಅಂತಾದ್ರೂ ಹೇಳ್ಬಹುದು, ಸುಳ್ಳಿಗೆ ಏನ್ ಹೇಳ್ತೀರಾ.

ಕುಡ್ಲದ_ಮಳೆ
ಬೆಂಗ್ಳೂರಲ್ಲಿ "ಓನ್ಲಿ ವೆಜ್" ಅಂದ್ರೆ ಮೆನುವಾ ಪಂಕ್ತಿಯಾ ಕಿಟ್ಟಿಯವ್ರೇ? ನಾವು ಮೀನು ತಿನ್ನುವವ್ರು, ಕೇಳಿ ಕೇಳಿ ಸಾಕಾಗಿದೆ.

ಕಾನೂನ್_ಕಿಟ್ಟಿ
ಮೆನು ವೇಷ ಹಾಕಿರೋ ಪಂಕ್ತಿ.

ಹುಬ್ಳಿ_ಗಿರ್ಮಿಟ್
ಅದಿರ್ಲಿ, ಮಂತ್ರ ಹೇಳಾವ್ರು ಯಾರಂತ? ಭಟ್ರು ಒಲ್ಲೆ ಅಂದ್ರ ಅವ್ರ ಮ್ಯಾಲೂ ಕೇಸಾ?

ಕಾನೂನ್_ಕಿಟ್ಟಿ
ಇಲ್ಲ. ಪುರೋಹಿತ್ರು, ಪಾದ್ರಿ, ಮೌಲ್ವಿ ಯಾರನ್ನೂ ಮದ್ವೆ ಮಾಡ್ಸು ಅಂತ ಸರ್ಕಾರ ಬಲವಂತ ಮಾಡೋ ಹಾಗಿಲ್ಲ, ಇಡೀ ಅಮೆರಿಕಕ್ಕೆ ಅದು ಅನ್ವಯ. ಕೊಲೊರಾಡೋ ಕಾನೂನಲ್ಲಿ ಮುಖ್ಯವಾಗಿ ಪೂಜೆ ಪ್ರಾರ್ಥನೆಗೆ ಬಳಸೋ ಜಾಗವನ್ನೂ ಹೊರಗಿಟ್ಟಿದಾರೆ. ಸಂಸ್ಕಾರ ಮಾಡ್ಸೋದು ಬೇರೆ, ಸಂಸ್ಕಾರ ಆದ್ಮೇಲೆ ಸಾರು ಬಡ್ಸೋದು ಬೇರೆ. ಮಾವನವ್ರಿಗೆ ಇದನ್ನ ಹೇಳಿ ನೋಡಿ. (ನಾನು ನಿಮ್ಮ ವಕೀಲ ಅಲ್ಲ, ಅಲ್ಲೇ ಒಬ್ರನ್ನ ಕೇಳ್ಕೊಳ್ಳಿ.)

ತುಂಗೆಯ_ದಂಡೆ
ನಮ್ಮಲ್ಲಿ ಆಗಿದ್ರೆ?

ಕಾನೂನ್_ಕಿಟ್ಟಿ
ನಮ್ಮಲ್ಲಿ ಮದ್ವೆಯೇ ಇಲ್ವಲ್ಲ, 2023ರ ಅಕ್ಟೋಬರ್ 17ಕ್ಕೆ ಸುಪ್ರೀಂ ಕೋರ್ಟು ಅದು ಸಂಸತ್ತಿನ ಕೆಲಸ ಅಂತ ಕೈ ಬಿಡ್ತು. 2018ರಲ್ಲಿ ಐಪಿಸಿ 377ನೇ ಸೆಕ್ಷನ್ನಿಂದ ಒಪ್ಪಿಗೆಯ ಸಲಿಂಗ ಸಂಬಂಧವನ್ನ ಹೊರಗಿಟ್ರು, ಅಪರಾಧ ಅಲ್ಲ ಅಷ್ಟೆ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ಅಂಗಡಿ ಸೇವೆ ನಿರಾಕರಿಸ್ಬಾರ್ದು ಅಂತ 2019ರ ಕಾಯ್ದೆ ಇದೆ, ಗೇ ಲೆಸ್ಬಿಯನ್ ಜೋಡಿಗೆ ಹಾಗೆ ನೇರವಾಗಿ ಹೆಸರಿಟ್ಟು ಹೇಳೋ ಕಾಯ್ದೆ ಇಲ್ಲ.

ಸಂಜೆ_ಮಲ್ಲಿಗೆ
ಊರಲ್ಲಿ ಲಾಡ್ಜಿಗೆ ಮಾತ್ರ ನಮಗೆ ತೊಂದ್ರೆ ಇಲ್ಲ. ಗಂಡು ಹೆಣ್ಣು ಹೋದ್ರೆ ಮದ್ವೆ ಆಗಿದೀರಾ ಅಂತಾರೆ, ಇಬ್ರು ಗಂಡಸ್ರು ಹೋದ್ರೆ ಎಕ್ಸ್‌ಟ್ರಾ ದಿಂಬು ಕೊಡ್ತಾರೆ.

ಡೆನ್ವರ್_ಅಡಿಗೆಮನೆ
ಇಷ್ಟೊಂದು ಬರೀತೀರಾ ಅಂತ ಗೊತ್ತಿರ್ಲಿಲ್ಲ, ಎರಡು ದಿನ ಕಿಚನ್ನಲ್ಲಿದ್ದೆ. ಎಲ್ಲಾ ಓದ್ದೆ. @ಸಂಜೆ_ಮಲ್ಲಿಗೆ ಪೆನ್ನಿನ ಕ್ಯಾಪ್ ಓದಿ ಒಲೆ ಮೇಲಿದ್ದ ಒಗ್ಗರಣೆ ಸೀದೋಯ್ತು.

ಮಾವನ ಹತ್ರ ಕೂತು ಮಾತಾಡ್ದೆ. ಕಾನೂನು ಹೇಳ್ಲಿಲ್ಲ, ಅವ್ರಿಗೆ ಅದು ಹಿಡ್ಸಲ್ಲ. ಹೋದ ವರ್ಷ ಚರ್ಚಲ್ಲಿ ಮದ್ವೆ ಆದ ನಮ್ಮ ಹುಡುಗಿಗೆ ರಿಸೆಪ್ಷನ್ ಊಟ ನಾನೇ ಕಳ್ಸಿದ್ದು, ಮಾವ ಆಗ ಇಲ್ಲೇ ಇದ್ರು, ಹೋಳಿಗೆಗೆ ಹೂರಣ ರುಬ್ಬಿಕೊಟ್ಟಿದ್ದೂ ಅವ್ರೇ. ಇನ್ನೊಬ್ರ ಎರಡನೇ ಮದ್ವೆಗೂ ಕಳ್ಸಿದ್ವಿ. ಆಗ ಸೌಟು ತಿರುಗಿತ್ತಲ್ಲ ಮಾವ ಅಂದೆ. "ಅದು ಬೇರೆ" ಅಂದ್ರು. ಹೇಗೆ ಬೇರೆ ಅಂದೆ. ಕನ್ನಡಕ ತೆಗೆದು ಒರೆಸ್ಕೊಂಡು ವಾಕಿಂಗ್ ಹೋಗ್ಬಿಟ್ರು. ಈಗ್ಲೂ ಒಪ್ಪಿಲ್ಲ, ಆ ದಿನ ಕಿಚನ್ನಿಗೆ ಬರಲ್ವಂತೆ. ಸರಿ ಬಿಡಿ, ಬಲವಂತ ಅವ್ರ ಮೇಲೂ ಬೇಡ.

ಆರ್ಡರ್ ತಗೊಂಡೆ. ಲಾಡು ಡಬ್ಬಿ ಮೇಲೆ ಇಬ್ರ ಹೆಸ್ರಿರೋ ಲೇಬಲ್ ಅವ್ರೇ ಪ್ರಿಂಟ್ ಮಾಡಿಸ್ಕೊಂಡು ತರ್ತಾರಂತೆ. ಅದು ಮಾತಾಡೋ ಲಾಡು ಆಯ್ತಾ ಕಿಟ್ಟಿಯವ್ರೇ? ಹುಡುಗ ಬೆಣ್ಣೆ ದೋಸೆ ಲೈವ್ ಕೌಂಟರ್ ಇಡೋಕಾಗತ್ತಾ ಅಂತಾನೆ, 140 ಜನಕ್ಕೆ ನಾನೊಬ್ಳೇ ದೋಸೆ ಹೊಯ್ಯೋಕಾಗಲ್ಲ, ಇಲ್ಲ ಅಂದೆ.

ಹಳೇ_ರೇಡಿಯೋ
ನಿಮ್ಮ ಕೆಲಸ, ನಿಮ್ಮ ತೀರ್ಮಾನ ತಾಯಿ. ಕೋರ್ಟಿಗೆ ಹೆದರಿ ತಗೊಂಡಿಲ್ಲ ಅಂದ್ರೆ ನಂದೇನೂ ತಕರಾರಿಲ್ಲ. ಹೆದರಿ ತಗೊಳ್ಳೋ ಹಾಗಾಗ್ಬಾರ್ದು ಅಂತಲೇ ನಾನು ಹೇಳ್ತಿದ್ದಿದ್ದು.

ಕಾನೂನ್_ಕಿಟ್ಟಿ
ದೋಸೆ ಕೌಂಟರ್ ಇಲ್ಲ ಅಂದ್ರಲ್ಲ, ಅದು ಮೆನು. ಕೇಸ್ ಇಲ್ಲ.

ಡೆನ್ವರ್_ಅಡಿಗೆಮನೆ
ಈಗ ನಿಜವಾದ ಸಮಸ್ಯೆ, ಇಲ್ಲಿ 150 ಬಾಳೆಎಲೆ ಎಲ್ಲಿ ತರ್ಲಿ? ಹೋದ್ಸಲ ಫ್ರೋಜನ್ ತಂದು ಬಿಚ್ಚಿದ್ರೆ ಅರ್ಧ ಕಪ್ಪಾಗಿತ್ತು.

ಡಲ್ಲಾಸ್_ಡಬ್ಬಿ
ವಿಯೆಟ್ನಾಂ ಅಂಗಡಿಯಲ್ಲಿ ಕೇಳಿ, ಕೇಸ್ ಲೆಕ್ಕದಲ್ಲಿ ಕೊಡ್ತಾರೆ. ಹಿಂದಿನ ರಾತ್ರಿ ಫ್ರಿಜ್ಜಲ್ಲೇ ಕರಗ್ಲಿ, ಹೊರಗಿಡ್ಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ ಒಂದರ ಮೇಲೊಂದು ಇಡಿ.

ಕುಡ್ಲದ_ಮಳೆ
ಒಲೆ ಮೇಲೆ ಸ್ವಲ್ಪ ಬಾಡಿಸಿ ಮಾರ್ರೆ, ಮಡಚುವಾಗ ಹರಿಯುದಿಲ್ಲ. ಮತ್ತೆ 150 ಸಾಕಾಗ್ಲಿಕ್ಕಿಲ್ಲ, ಎರಡೂ ಗಂಡಿನ ಕಡೆ ಅಲ್ವಾ, 180 ತನ್ನಿ.